ಚರ್ಮದ ಲೇಪಗಳು: ಸಂರಕ್ಷಕ ಬೇಕೇ, ಬೇಡವೇ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಕನ್ನಡಿಯ ಮುಂದಿನ ಗೂಡಿನಲ್ಲಿ ಒಂದು ಬದಲಾವಣೆ ಕಾಣಿಸಿಕೊಂಡಿದೆ. ಹೆಸರಾಂತ ಕಂಪನಿಗಳ ಕ್ರೀಮು, ಪೌಡರುಗಳ ಪಕ್ಕದಲ್ಲಿ ಕೈಯಿಂದ ಬರೆದ ಚೀಟಿ ಅಂಟಿಸಿದ ಪುಟ್ಟ ಡಬ್ಬಿಗಳು ಬಂದು ಕುಳಿತಿವೆ. ಲೋಳೆಸರದ ಲೇಪ, ಕೇಸರಿಯ ಕ್ರೀಮು, ಗುಲಾಬಿ ಪನ್ನೀರು ಹೀಗೆ ಹಲವು ಬಗೆ. ಚೀಟಿಯ ಮೇಲೆ 'ಸಂಪೂರ್ಣ ನೈಸರ್ಗಿಕ', 'ಕೆಮಿಕಲ್ ಇಲ್ಲ', 'ಪ್ರಿಸರ್ವೇಟಿವ್ ಇಲ್ಲ' ಎಂಬ ಒಕ್ಕಣೆ. ಪ್ರಿಸರ್ವೇಟಿವ್ ಎಂದರೆ ವಸ್ತು ಕೆಡದಂತೆ ಕಾಯುವ ಪದಾರ್ಥ, ಸಂರಕ್ಷಕ ಎನ್ನೋಣ. ಅದು ಇಲ್ಲವೆಂಬುದೇ ಕೊಳ್ಳುವ ತಾಯಂದಿರಿಗೆ ದೊಡ್ಡ ಭರವಸೆಯಾಗಿದೆ.

ನಮಗೂ ಆ ಭರವಸೆ ಇದ್ದಿತು. ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ ಅದನ್ನು ಅಲುಗಾಡಿಸಿತು.

ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಎರಡು ದಶಕಗಳಾದವು. ಚಳಿಗಾಲ ಬಂತೆಂದರೆ ಹಿಮ್ಮಡಿ ಬಿರಿಯುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮ ಸೊಸೆ ಮಹಿಳಾ ಸಂಘದವರು ಏರ್ಪಡಿಸಿದ್ದ ಮಾರಾಟ ಮೇಳದಿಂದ ಲೋಳೆಸರದ ಕ್ರೀಮಿನ ಡಬ್ಬಿಯೊಂದನ್ನು ತಂದಳು. "ಆಯಿ, ಇದರಾಗ ಕೆಮಿಕಲ್ ಒಂದೂ ಇಲ್ಲ ನೋಡ್ರಿ. ರಾತ್ರಿ ಹಚ್ಚಿಕೊಂಡು ಮಲಗ್ರಿ" ಎಂದು ತಾನೇ ಕಾಲಿಗೆ ಹಚ್ಚಿದಳು. ತಾಯಿಯವರಿಗೆ ಹಿತವೆನಿಸಿತು. ಐದಾರು ವಾರ ಹಾಗೆಯೇ ನಡೆಯಿತು. ಅನಂತರ ಒಂದು ಬಿರುಕಿನ ಸುತ್ತ ಕೆಂಪೇರಿ, ಊದಿ, ಕೀವು ಕಾಣಿಸಿತು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವೆಂದರೆ ಏನೆಂಬುದು ಅಂಥವರು ಮನೆಯಲ್ಲಿದ್ದವರಿಗೆ ಗೊತ್ತು. ವೈದ್ಯರು ಔಷಧ ಬರೆದುಕೊಟ್ಟು, ಇಲ್ಲಿಯವರೆಗೆ ಏನು ಹಚ್ಚುತ್ತಿದ್ದಿರೆಂದು ಕೇಳಿದರು. ಡಬ್ಬಿಯನ್ನು ಒಯ್ದು ತೋರಿಸಿದೆವು. ಕ್ರೀಮು ಬೆಳ್ಳಗೆ, ನುಣ್ಣಗೆ, ಗುಲಾಬಿಯ ಪರಿಮಳದೊಡನೆ ಹೊಸದರಂತೆಯೇ ಇತ್ತು. ಅವರು ಮುಚ್ಚಳವನ್ನು ತಿರುಗಿಸಿ ಒಳಗಿನ ಸುತ್ತನ್ನು ಬೆಳಕಿಗೆ ಹಿಡಿದರು. ಅಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ನಾಲ್ಕಾರು ಕಂಡವು. ಬೂಷ್ಟು!

"ಇದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಬಿರಿದ ಹಿಮ್ಮಡಿಗೆ ನೆಲದ ಧೂಳೂ ಸಾಕು. ಆದರೆ ಇದನ್ನು ಬಾಯ್ಬಿಟ್ಟ ಚರ್ಮಕ್ಕೆ ಹಚ್ಚಬಾರದಿತ್ತು" ಎಂದರು ವೈದ್ಯರು. ಗಾಯ ಮಾಯಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಸೊಸೆಯ ಮುಖ ಬಾಡಿತ್ತು. ಪ್ರೀತಿಯಿಂದ ತಂದದ್ದು ಹೀಗಾಯಿತಲ್ಲ ಎಂಬ ಕೊರಗು ಅವಳದು. ನಾವು ಯಾರೂ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಏಕೆಂದರೆ 'ಪ್ರಿಸರ್ವೇಟಿವ್ ಇಲ್ಲ' ಎಂಬುದನ್ನು ಓದಿ ನಾವೂ ತಲೆದೂಗಿದವರೇ ಆಗಿದ್ದೆವು.

ಆ ಮೂರು ವಾರಗಳಲ್ಲಿ ಹಾಗೂ ಅನಂತರ ಈ ವಿಷಯವಾಗಿ ನಾವು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇವೆ.

ಎಲ್ಲಕ್ಕೂ ಮೊದಲು ಅಡುಗೆಮನೆಯ ಉಪ್ಪಿನಕಾಯಿ ಭರಣಿಯನ್ನು ನೆನೆಯಬೇಕು. ಮಾವಿನ ಹೋಳುಗಳ ತೇವವನ್ನು ಒರೆಸಿ, ಉಪ್ಪು ಬೆರೆಸಿ, ಮೇಲೆ ಎಣ್ಣೆ ನಿಲ್ಲುವಂತೆ ಸುರಿದು, ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ವರ್ಷ ಕಳೆದರೂ ಅದು ಕೆಡುವುದಿಲ್ಲ. ಯಾರೋ ಅವಸರದಲ್ಲಿ ಒದ್ದೆ ಚಮಚ ಅದ್ದಿದರೆ ಕೆಲವೇ ದಿನಗಳಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಹಪ್ಪಳ, ಸಂಡಿಗೆ, ಬೆಲ್ಲ, ಜೇನುತುಪ್ಪಗಳ ಕಥೆಯೂ ಇದೇ. ಬ್ಯಾಕ್ಟೀರಿಯ, ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು. ನೀರಿಲ್ಲದಲ್ಲಿ, ಅಥವಾ ಉಪ್ಪು ಸಕ್ಕರೆಗಳು ನೀರನ್ನು ಹಿಡಿದಿಟ್ಟುಕೊಂಡಲ್ಲಿ, ಅವು ತಲೆಯೆತ್ತಲಾರವು.

ಈಗ ಕ್ರೀಮಿನ ಡಬ್ಬಿಯ ಕಡೆಗೆ ನೋಡೋಣ. ನೋಡಲು ಬೆಣ್ಣೆಯಂತಿದ್ದರೂ ಕ್ರೀಮು, ಲೋಷನ್ನುಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಮಿಕ್ಕಿ ನೀರೇ ಇರುತ್ತದೆ. ಎಣ್ಣೆಯನ್ನೂ ನೀರನ್ನೂ ಒಂದು ಬೆಸುಗೆ ಪದಾರ್ಥದಿಂದ ಒಂದಾಗಿಸಿದ್ದೇ ಕ್ರೀಮು. ಲೋಳೆಸರದ ತಿರುಳಿನಲ್ಲಂತೂ ನೂರಕ್ಕೆ ತೊಂಬತ್ತೆಂಟು ಪಾಲು ನೀರು. ಉಳಿದುದರಲ್ಲಿ ಸೂಕ್ಷ್ಮಜೀವಿಗಳಿಗೆ ಪ್ರಿಯವಾದ ಸಕ್ಕರೆಯ ಅಂಶಗಳಿವೆ. ಅದಕ್ಕೆ ಹಾಲು, ಹಣ್ಣಿನ ರಸ, ಗಿಡಮೂಲಿಕೆಯ ಕಷಾಯ ಸೇರಿಸಿದರೆ ನೀರಿನೊಡನೆ ಊಟವನ್ನೂ ಬಡಿಸಿದಂತೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೆಚ್ಚು 'ನೈಸರ್ಗಿಕ'ವಾದ ಕ್ರೀಮು ಕೆಡುವ ಸಂಭವವೂ ಹೆಚ್ಚು. ಆದುದರಿಂದ ಅದಕ್ಕೆ ಸಂರಕ್ಷಕದ ಅಗತ್ಯವೂ ಹೆಚ್ಚು. ಮಾರಾಟದ ಚೀಟಿಗಳು ಹೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು.

ಕೆಟ್ಟರೆ ವಾಸನೆ ಬರುತ್ತದಲ್ಲ, ಆಗ ಚೆಲ್ಲಿದರಾಯಿತು ಎಂದು ಕೆಲವರು ಹೇಳುವುದುಂಟು. ಕಣ್ಣಿಗೂ ಮೂಗಿಗೂ ಸುಳಿವು ಸಿಕ್ಕುವ ಮೊದಲೇ ಒಂದು ಗ್ರಾಂ ಕ್ರೀಮಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳು ಬೆಳೆದಿರಬಹುದು. ಪರಿಮಳ ದ್ರವ್ಯವಿದ್ದರಂತೂ ವಾಸನೆಯೂ ಮುಚ್ಚಿಹೋಗುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಸೌಂದರ್ಯ ಸಾಧನಗಳ ಒಂದು ಗ್ರಾಮಿನಲ್ಲಿ ಇಂಥ ಜೀವಿಗಳು 1000ಕ್ಕಿಂತ ಹೆಚ್ಚಿರಬಾರದು. ಮೂರು ವರ್ಷದೊಳಗಿನ ಮಕ್ಕಳಿಗೆ ಹಾಗೂ ಕಣ್ಣಿನ ಸುತ್ತ ಬಳಸುವಂಥವುಗಳಲ್ಲಿ 100ಕ್ಕಿಂತ ಹೆಚ್ಚಿರಬಾರದು. ಸ್ಯೂಡೋಮೊನಾಸ್, ಸ್ಟೆಫಿಲೊಕಾಕಸ್‌ನಂಥ ರೋಗಕಾರಕ ಬ್ಯಾಕ್ಟೀರಿಯಗಳಂತೂ ಕಾಣಿಸಲೇಬಾರದು.

ಈ ಕಟ್ಟುನಿಟ್ಟು ಸುಮ್ಮನೆ ಬಂದುದಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರದಲ್ಲಿ ಸ್ಯೂಡೋಮೊನಾಸ್ ಸೇರಿಕೊಂಡು, ಕಡ್ಡಿ ತಗುಲಿ ಗೀರಿದ ಕಣ್ಣಿನ ಪಾಪೆಯಲ್ಲಿ ಹುಣ್ಣಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವು. 2008ರಲ್ಲಿ ಸ್ಪೇನಿನ ಬಾರ್ಸಿಲೋನಾದಿಂದ ಪ್ರಕಟವಾದ ಇನ್ನೊಂದು ವರದಿ ನಮ್ಮನ್ನು ಹೆಚ್ಚು ಕಾಡಿತು. ಅಲ್ಲಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಐವರು ರೋಗಿಗಳಲ್ಲಿ ಬರ್ಖೋಲ್ಡೇರಿಯ ಎಂಬ ಬ್ಯಾಕ್ಟೀರಿಯ ಕಾಣಿಸಿಕೊಂಡಿತು. ಮೂಲ ಹುಡುಕಿದಾಗ ಅದು ರೋಗಿಗಳ ಮೈಗೆ ಸವರುತ್ತಿದ್ದ ಲೋಷನ್ನಿನಲ್ಲಿ ಸಿಕ್ಕಿತು. ಗಟ್ಟಿಮುಟ್ಟಾದವರ ಇಡಿಯಾದ ಚರ್ಮ ಒಳ್ಳೆಯ ಕೋಟೆ. ಸ್ವಲ್ಪ ಕೆಟ್ಟ ಕ್ರೀಮು ಹಚ್ಚಿದರೆ ಬಹುಶಃ ಏನೂ ಆಗದು. ಮುಪ್ಪಿನವರು, ಸಕ್ಕರೆ ಕಾಯಿಲೆಯವರು, ಹಸುಗೂಸುಗಳು, ಗಾಯ ಬಿರುಕುಗಳಿದ್ದವರು, ಇವರ ಕೋಟೆಗೆ ಬಿರುಕು ಬಿದ್ದಿರುತ್ತದೆ. ವಿಪರ್ಯಾಸವೆಂದರೆ, 'ಇವರಿಗೆ ಕೆಮಿಕಲ್ ಬೇಡ' ಎಂದು ನಾವು ಸಂರಕ್ಷಕವಿಲ್ಲದ್ದನ್ನು ಆರಿಸಿ ತರುವುದೂ ಇವರಿಗಾಗಿಯೇ.

ಹಾಗಾದರೆ ನಮ್ಮ ಅಜ್ಜಿಯಂದಿರು ಯಾವ ಸಂರಕ್ಷಕ ಬಳಸುತ್ತಿದ್ದರು? ಈ ಪ್ರಶ್ನೆ ನ್ಯಾಯವಾದುದು. ಉತ್ತರವೂ ಸರಳವಾಗಿದೆ. ಅವರು ನೀರಿರುವ ಯಾವುದನ್ನೂ ಕೂಡಿಡುತ್ತಿರಲಿಲ್ಲ. ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಕಸ್ತೂರಿ ಅರಿಶಿನ ಇವೆಲ್ಲ ಬಿಸಿಲಿಗೆ ಒಣಗಿದ ಪುಡಿಗಳು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ, ತುಪ್ಪ ಇವುಗಳಲ್ಲಿ ನೀರಿಲ್ಲ. ಲೋಳೆಸರ ಬೇಕಾದರೆ ಹಿತ್ತಲಿಗೆ ಹೋಗಿ ಎಲೆ ಮುರಿದು, ಹಚ್ಚಿ, ಉಳಿದುದನ್ನು ಎಸೆಯುತ್ತಿದ್ದರು. ಹಾಲಿನ ಕೆನೆಗೆ ಅರಿಶಿನ ಕಲಸಿದರೆ ಅದು ಆ ಹೊತ್ತಿನ ಸ್ನಾನಕ್ಕೆ ಮಾತ್ರ. ಕೆನೆ-ಅರಿಶಿನವನ್ನು ಡಬ್ಬಿಗೆ ತುಂಬಿ ಮೂರು ತಿಂಗಳು ಇಡಬಹುದೆಂದು ಯಾವ ಅಜ್ಜಿಯೂ ಎಣಿಸಿರಲಿಲ್ಲ! ಇಂದಿನ ಡಬ್ಬಿಗಳು ಅಜ್ಜಿಯ ಹೆಸರನ್ನು ಹೊತ್ತಿವೆಯೇ ಹೊರತು ಅವಳ ವಿವೇಕವನ್ನಲ್ಲ.

ಆಯುರ್ವೇದದ ಆಚಾರ್ಯರೂ ಈ ಬಗ್ಗೆ ಎಚ್ಚರವಾಗಿದ್ದರು. ಶಾರ್ಙ್ಗಧರ ಸಂಹಿತೆಯಲ್ಲಿ ಯಾವ ಔಷಧ ಎಷ್ಟು ಕಾಲ ಗುಣ ಉಳಿಸಿಕೊಳ್ಳುತ್ತದೆಂಬ ಲೆಕ್ಕವೇ ಇದೆ. ಚೂರ್ಣಕ್ಕೆ ಎರಡು ತಿಂಗಳ ಗಡುವು. ಆಸವಗಳು ಮಾತ್ರ ಹಳೆಯದಾದಷ್ಟೂ ಮೇಲು. ಆಸವ, ಅರಿಷ್ಟಗಳು ನೀರಿದ್ದೂ ಕೆಡದಿರುವುದಕ್ಕೆ ಕಾರಣ, ಹುದುಗುವಾಗ ಅವುಗಳೊಳಗೇ ಹುಟ್ಟುವ ಮದ್ಯಸಾರ. ಸ್ವರಸ, ಕಷಾಯಗಳನ್ನು ಆಗಲೇ ಮಾಡಿ ಆಗಲೇ ಬಳಸಬೇಕು. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಬಾರಿ ನೀರಿನಿಂದ ತೊಳೆದು ಮಾಡುವ ಶತಧೌತ ಘೃತವನ್ನು ಈಗ ಹಲವರು ಮನೆಯಲ್ಲೇ ತಯಾರಿಸುತ್ತಿದ್ದಾರೆ. ಬೆಣ್ಣೆಯಂತೆ ಹಗುರವಾದ, ಹಿತವಾದ ಲೇಪವದು. ಆದರೆ ತೊಳೆದ ನೀರಿನ ಒಂದಂಶ ಅದರಲ್ಲಿ ಉಳಿದಿರುತ್ತದೆ. ಆದುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಂಡು ಬೇಗ ಮುಗಿಸುವುದು ಲೇಸು.

ಎಣ್ಣೆಗೆ ಬೂಷ್ಟಿನ ಭಯವಿಲ್ಲವಾದರೂ ಅದಕ್ಕೆ ತನ್ನದೇ ರೋಗವಿದೆ. ಗಾಳಿ, ಬೆಳಕು ತಾಗಿ ಕಮಟು ಹಿಡಿಯುತ್ತದೆ. ಕುಸುಬಿ ಎಣ್ಣೆ ಬೇಗ ಕಮಟುತ್ತದೆ, ಕೊಬ್ಬರಿ ಎಣ್ಣೆ ಬಹುಕಾಲ ತಾಳುತ್ತದೆ. ಇದನ್ನು ತಡೆಯಲು ತಯಾರಕರು 'ಇ' ಜೀವಸತ್ವವನ್ನು ಬೆರೆಸುತ್ತಾರೆ. ಅದು ಎಣ್ಣೆಯ ಕಮಟನ್ನು ತಡೆದೀತೇ ವಿನಾ ಒಂದು ಬ್ಯಾಕ್ಟೀರಿಯವನ್ನೂ ಕೊಲ್ಲಲಾರದು. 'ನಮ್ಮ ಕ್ರೀಮಿಗೆ ವಿಟಮಿನ್ ಇ ಹಾಕಿದ್ದೇವೆ, ಪ್ರಿಸರ್ವೇಟಿವ್ ಬೇಡ' ಎನ್ನುವ ಮಾರಾಟಗಾರರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೇ ತಿಳಿದಿರುವುದಿಲ್ಲ. ಇನ್ನು ಕೊಬ್ಬರಿ ಎಣ್ಣೆಯ ಸೀಸೆಯ ಮೇಲೆ 'ಪ್ರಿಸರ್ವೇಟಿವ್ ಇಲ್ಲ' ಎಂದು ಬರೆದು ಬೆಲೆ ಹೆಚ್ಚಿಸುವವರಿದ್ದಾರೆ. ನೀರೇ ಇಲ್ಲದ ಎಣ್ಣೆಗೆ ಅದು ಎಂದೂ ಬೇಕಿರಲಿಲ್ಲ. ಸ್ನಾನದ ಸಾಬೂನಿನ ಬಿಲ್ಲೆಗೂ ಬೇಡ. ಅದರ ಕ್ಷಾರಗುಣ ಹಾಗೂ ಅದರಲ್ಲಿರುವ ಅಲ್ಪ ತೇವ ಸೂಕ್ಷ್ಮಜೀವಿಗಳಿಗೆ ಹಿಡಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ, ಸಂರಕ್ಷಕಗಳ ಬಗ್ಗೆ ಜನರಲ್ಲಿರುವ ಭಯವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಈ ಭಯದ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು.

ಪ್ಯಾರಾಬೆನ್ ಎಂಬ ಗುಂಪಿನ ಸಂರಕ್ಷಕಗಳು 1920ರ ದಶಕದಿಂದ ಬಳಕೆಯಲ್ಲಿವೆ. 2004ರಲ್ಲಿ ಇಂಗ್ಲೆಂಡಿನ ಫಿಲಿಪ್ಪಾ ಡಾರ್ಬ್ರೆ ಹಾಗೂ ಸಂಗಡಿಗರು 20 ಸ್ತನ ಗಡ್ಡೆಗಳ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಅಂಶ ಸಿಕ್ಕಿತೆಂದು ಪ್ರಕಟಿಸಿದರು. ಜಗತ್ತಿನಾದ್ಯಂತ ಹೆಂಗಸರು ಬೆಚ್ಚಿದರು. ಅದೇ ಸಂಶೋಧನೆ ಆರೋಗ್ಯವಂತ ಅಂಗಾಂಶವನ್ನು ಹೋಲಿಸಿ ನೋಡಿರಲಿಲ್ಲವೆಂಬುದೂ, ಪ್ಯಾರಾಬೆನ್ನೇ ಗಡ್ಡೆಗೆ ಕಾರಣವೆಂದು ಅದು ಸಾಧಿಸಿರಲಿಲ್ಲವೆಂಬುದೂ ಸುದ್ದಿಯಾಗಲಿಲ್ಲ. ಪ್ಯಾರಾಬೆನ್‌ಗಳಿಗೆ ಸ್ತ್ರೀ ಹಾರ್ಮೋನನ್ನು ಹೋಲುವ ಕ್ಷೀಣ ಗುಣವಿದೆಯೆಂಬುದು ನಿಜ; ನಮ್ಮ ಶರೀರದ ಸ್ವಂತ ಹಾರ್ಮೋನಿಗೆ ಹೋಲಿಸಿದರೆ ಅದು ಸಾವಿರಾರು ಪಟ್ಟು ದುರ್ಬಲ. ಆದರೂ ಸರಕಾರಗಳು ಎಚ್ಚರ ವಹಿಸಿದವು. ಡೆನ್ಮಾರ್ಕ್ 2011ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಸಾಧನಗಳಲ್ಲಿ ಪ್ರೊಪೈಲ್ ಮತ್ತು ಬ್ಯೂಟೈಲ್ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. 2014ರಲ್ಲಿ ಐರೋಪ್ಯ ಒಕ್ಕೂಟ ಐದು ಬಗೆಯ ಪ್ಯಾರಾಬೆನ್‌ಗಳನ್ನು ಸಂಪೂರ್ಣ ನಿಷೇಧಿಸಿ, ಪ್ರೊಪೈಲ್, ಬ್ಯೂಟೈಲ್‌ಗಳ ಪ್ರಮಾಣವನ್ನು ಶೇಕಡಾ 0.14ಕ್ಕೆ ಇಳಿಸಿತು. ಮೀಥೈಲ್ ಪ್ಯಾರಾಬೆನ್‌ಗೆ ಶೇಕಡಾ 0.4ರ ಮಿತಿ ಉಳಿಯಿತು. ಅಂದರೆ ನೂರು ಗ್ರಾಂ ಕ್ರೀಮಿನಲ್ಲಿ ಅರ್ಧ ಗ್ರಾಮಿಗೂ ಕಡಿಮೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 'ಪ್ಯಾರಾಬೆನ್ ಇಲ್ಲ' ಎಂದು ಹೇಳಿಕೊಳ್ಳುವ ಆತುರದಲ್ಲಿ ಅನೇಕ ತಯಾರಕರು ಬೇರೆ ಸಂರಕ್ಷಕಗಳತ್ತ ಹೊರಳಿದರು. ಅವುಗಳಲ್ಲಿ ಮೀಥೈಲ್ ಐಸೋಥಯಾಜೊಲಿನೋನ್ ಎಂಬುದೂ ಒಂದು. ಕೆಲವೇ ವರ್ಷಗಳಲ್ಲಿ ಯುರೋಪಿನ ಚರ್ಮವೈದ್ಯರ ಬಳಿ ತುರಿಕೆ, ಗಂಧೆ, ಕೆಂಪೇರಿದ ಕಣ್ರೆಪ್ಪೆಗಳ ಸಾಲೇ ಬಂದು ನಿಂತಿತು. ಒದ್ದೆ ಟಿಶ್ಯೂಗಳಿಂದ ಕೂಸುಗಳ ಅಂಡು ಒರೆಸಿದ ತಾಯಂದಿರ ಕೈಬೆರಳುಗಳಲ್ಲಿ ಇಸುಬು ಎದ್ದಿತು. 2013ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 'ವರ್ಷದ ಅಲರ್ಜಿಕಾರಕ'ವೆಂದು ಘೋಷಿಸಿತು. 2017ರಲ್ಲಿ ಐರೋಪ್ಯ ಒಕ್ಕೂಟ, ಹಚ್ಚಿ ಹಾಗೆಯೇ ಬಿಡುವ ಲೇಪಗಳಲ್ಲಿ ಅದನ್ನು ನಿಷೇಧಿಸಿತು. ಅದೇ ಅಮೆರಿಕದ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು 'ವರ್ಷದ ಅಲರ್ಜಿಕಾರಕವಲ್ಲದ ವಸ್ತು' ಎಂದು ಹೆಸರಿಸಿತು. ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಅವು ಅಷ್ಟು ನಿರಪಾಯವೆಂಬುದು ಅದರ ಇಂಗಿತ. ಹುಲಿಗೆ ಹೆದರಿ ಓಡಿ ಹುತ್ತದ ಮೇಲೆ ಕಾಲಿಟ್ಟಂತಾಯಿತು.

ಸಂರಕ್ಷಕವೆಂದರೆ ಕಾರ್ಖಾನೆಯ ವಿಷ, ನೈಸರ್ಗಿಕವೆಂದರೆ ಅಮೃತ ಎಂಬ ವಿಂಗಡಣೆಯೂ ನಿಲ್ಲುವುದಿಲ್ಲ. ಸೋಡಿಯಂ ಬೆಂಜೋಯೇಟ್ ಎಂಬ ಹೆಸರು ಕೇಳಿದರೆ ಬೆದರುವವರಿದ್ದಾರೆ. ಅದರ ಮೂಲವಾದ ಬೆಂಜೋಯಿಕ್ ಆಮ್ಲಕ್ಕೆ ಆ ಹೆಸರು ಬಂದುದೇ ಸಾಂಬ್ರಾಣಿಯ ಅಂಟಿನಿಂದ. ಶತಮಾನಗಳ ಹಿಂದೆ ಅದನ್ನು ಮೊದಲು ತೆಗೆದುದೂ ಅದರಿಂದಲೇ. ಮತ್ತೊಂದು ಕಡೆ, ಪರಮ ನೈಸರ್ಗಿಕವೆಂದು ಹೊಗಳಿಸಿಕೊಂಡ ಚಕೋತದ ಬಳಗದ ಗ್ರೇಪ್‌ಫ್ರೂಟಿನ ಬೀಜದ ಸಾರವಿದೆ. 1999ರಲ್ಲಿ ಜರ್ಮನಿಯ ಸಂಶೋಧಕರು ಮಾರುಕಟ್ಟೆಯ ಆರು ಮಾದರಿಗಳನ್ನು ಪರೀಕ್ಷಿಸಿದರು. ಐದರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕೃತಕ ರಾಸಾಯನಿಕ ಸಿಕ್ಕಿತು. ಅದು ಇಲ್ಲದ ಆರನೆಯ ಮಾದರಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಯೇ ಇರಲಿಲ್ಲ! ಬೇವು, ತುಳಸಿ, ಅರಿಶಿನಗಳಲ್ಲಿ ಗುಣವಿಲ್ಲವೆಂದು ನಾವು ಹೇಳುತ್ತಿಲ್ಲ. ಅವುಗಳ ಒಂದು ಚಿಟಿಕೆ ಡಬ್ಬಿಯ ನೀರನ್ನು ತಿಂಗಳುಗಟ್ಟಲೆ ಕಾಯಲಾರದೆಂದಷ್ಟೇ ನಮ್ಮ ಮಾತು.

ಕಾಯುತ್ತದೋ ಇಲ್ಲವೋ ಎಂದು ತಿಳಿಯುವ ಮಾರ್ಗ ಒಂದಿದೆ. ಪ್ರಯೋಗಾಲಯದಲ್ಲಿ ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯ, ಶಿಲೀಂಧ್ರಗಳನ್ನು ಬೆರೆಸಿ, 28 ದಿನಗಳವರೆಗೆ ಅವು ಸಾಯುತ್ತವೆಯೋ ಬೆಳೆಯುತ್ತವೆಯೋ ಎಂದು ಎಣಿಸುತ್ತಾರೆ. ಒಳ್ಳೆಯ ತಯಾರಕರು ಈ ಪರೀಕ್ಷೆಯನ್ನು ಮಾಡಿಸುತ್ತಾರೆ. ಅಡುಗೆಮನೆಯಲ್ಲಿ ಕ್ರೀಮು ಕಲಸುವವರಿಗೆ ಅದು ಎಟುಕುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಸಾಕೆನ್ನುವವರಿಗೆ ಒಂದು ಮಾತು: ತಂಪು ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಸಂರಕ್ಷಕವಿಲ್ಲದೆಯೂ ನೀರಿನ ಕ್ರೀಮನ್ನು ಸುರಕ್ಷಿತವಾಗಿ ಮಾಡಲು ಸಾಧ್ಯವುಂಟು. ಒಂದೇ ಬಾರಿ ಬಳಸುವ ಪುಟ್ಟ ಪೊಟ್ಟಣಗಳು, ಗಾಳಿ ಒಳಹೋಗದ ವಿಶೇಷ ಕೊಳವೆಗಳು, ಶುದ್ಧೀಕರಿಸಿದ ಕೋಣೆಯಲ್ಲಿ ತುಂಬುವ ವ್ಯವಸ್ಥೆ ಇವೆಲ್ಲ ಇರಬೇಕು. ಬೆಲೆಯೂ ಹಾಗೆಯೇ ಇರುತ್ತದೆ. ಬೆರಳು ಅದ್ದುವ ಅಗಲ ಬಾಯಿಯ ಡಬ್ಬಿಯಲ್ಲಿ ಅದು ಸಾಧ್ಯವಿಲ್ಲ.

ಅಂಗಡಿಯಲ್ಲಿ ನಿಂತಾಗ ನಾವೀಗ ಮಾಡುವುದಿಷ್ಟು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುತ್ತೇವೆ. ಘಟಕಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. 'ವಾಟರ್' ಅಥವಾ 'ಆಕ್ವಾ' ಮೊದಲಿದ್ದರೆ ಅದು ನೀರಿನ ಸಾಧನ; ಲೋಳೆಸರದ ರಸ, ಪನ್ನೀರುಗಳೂ ನೀರೇ. ಆಗ ಪಟ್ಟಿಯ ಕೊನೆಯ ಭಾಗದಲ್ಲಿ ಫಿನಾಕ್ಸಿ ಎಥೆನಾಲ್, ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಮೊದಲಾದ ಯಾವುದಾದರೊಂದು ಕಾವಲುಗಾರ ಇದ್ದಾನೆಯೇ ಎಂದು ನೋಡುತ್ತೇವೆ. ಇಲ್ಲದಿದ್ದರೆ ಡಬ್ಬಿಯನ್ನು ಅಲ್ಲೇ ಇಡುತ್ತೇವೆ. ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆಗಳು ಇರಲೇಬೇಕು. ಮಾರಾಟಕ್ಕೆ ಸೌಂದರ್ಯ ಸಾಧನ ತಯಾರಿಸುವವರು ಪರವಾನಗಿ ಪಡೆಯಬೇಕೆಂಬುದು 2020ರ ಸೌಂದರ್ಯ ಸಾಧನಗಳ ನಿಯಮಾವಳಿಯಲ್ಲೂ ಇದೆ. ಡಬ್ಬಿಗಿಂತ ಟ್ಯೂಬು ಮೇಲು. ಹೊಸದನ್ನು ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ನಾಲ್ಕೈದು ದಿನ ನೋಡುತ್ತೇವೆ. ತುರಿಸಿದರೆ ಪಟ್ಟಿಯನ್ನು ಚರ್ಮವೈದ್ಯರಿಗೆ ತೋರಿಸಬೇಕು. ಯಾವ ಸಂರಕ್ಷಕ ಒಗ್ಗದೆಂದು ಪರೀಕ್ಷೆ ಮಾಡಿ ಹೇಳುತ್ತಾರೆ. ಒಗ್ಗದ ಒಂದನ್ನು ಬಿಟ್ಟರಾಯಿತು, ಎಲ್ಲವನ್ನೂ ಬಿಡಬೇಕಿಲ್ಲ. ಇನ್ನು ಕೂಸಿನ ವಿಷಯ. ಅದರ ಚರ್ಮಕ್ಕೆ ವೈದ್ಯರು ಹೇಳದ ಹೊರತು ಕ್ರೀಮೇ ಏಕೆ ಬೇಕೆಂಬುದು ನಮ್ಮ ಪ್ರಶ್ನೆ.

ಆ ಕ್ರೀಮು ಮಾಡಿದ ಹೆಣ್ಣುಮಗಳನ್ನು ನಾವು ಹುಡುಕಿಕೊಂಡು ಹೋದೆವು. ಜಗಳಕ್ಕಲ್ಲ. ಚಿಕ್ಕ ಮನೆ, ಓದುವ ಇಬ್ಬರು ಮಕ್ಕಳು, ಹೊರಗಿನ ಪಡಸಾಲೆಯಲ್ಲೇ ಕಾರ್ಖಾನೆ. ಮುಚ್ಚಳವನ್ನು ತೋರಿಸಿದಾಗ ಆಕೆಯ ಮುಖ ಬಿಳಿಚಿತು. "ಅಕ್ಕಾರ, ನಾ ಪಾತ್ರೆ ಎಲ್ಲಾ ಕುದಿಸೇ ತುಂಬತೀನ್ರಿ. ಕೆಮಿಕಲ್ ಹಾಕಿದ್ರ ಮಂದಿ ಕೊಳ್ಳೂದಿಲ್ಲ" ಎಂದರು. ಎರಡೂ ನಿಜವಾಗಿತ್ತು. ತುಂಬುವಾಗ ಡಬ್ಬಿ ಶುದ್ಧವಾಗಿದ್ದರೂ ನಮ್ಮ ಮನೆಯಲ್ಲಿ ದಿನವೂ ಅದರೊಳಗೆ ಹೋಗುತ್ತಿದ್ದುದು ಬಿರುಕಿನ ಹಿಮ್ಮಡಿ ಮುಟ್ಟಿದ ಬೆರಳು. ಕೊಳ್ಳುವವರು ನಾವು ಕೇಳಿದ್ದನ್ನೇ ಆಕೆ ಮಾಡಿಕೊಟ್ಟಿದ್ದರು. ಬಹಳ ಹೊತ್ತು ಮಾತಾಡಿದೆವು. ಪ್ರಯೋಗಾಲಯದ ಪರೀಕ್ಷೆಯ ಖರ್ಚು ಆಕೆಯ ಶಕ್ತಿಗೆ ಮೀರಿದ್ದು. ಕ್ರೀಮು ಬಿಟ್ಟು ನೀರಿಲ್ಲದ್ದನ್ನು ಮಾಡುವುದಾಗಿ, ಅದಕ್ಕೆ ಬೇಕಾದ ಪರವಾನಗಿಯನ್ನು ವಿಚಾರಿಸುವುದಾಗಿ ಹೇಳಿದರು.

ಮುಂದಿನ ಮೇಳದಲ್ಲಿ ಆಕೆಯ ಮೇಜಿನ ಮೇಲೆ ಹೆಸರುಹಿಟ್ಟು-ಕಸ್ತೂರಿ ಅರಿಶಿನದ ಸ್ನಾನದ ಪುಡಿ, ಸೀಗೆಪುಡಿ ಹಾಗೂ ಜೇನುಮೇಣ-ಕೊಬ್ಬರಿ ಎಣ್ಣೆ ಕರಗಿಸಿ ಮಾಡಿದ ಗಟ್ಟಿ ಮುಲಾಮು ಇದ್ದವು. ಪುಡಿಯ ಪೊಟ್ಟಣದ ಮೇಲೆ 'ಒದ್ದೆ ಕೈ ಹಾಕಬೇಡಿರಿ, ಬೇಕಾದಷ್ಟೇ ಕಲಸಿಕೊಳ್ಳಿರಿ' ಎಂದು ಬರೆದಿತ್ತು. ಸೊಸೆ ಎರಡು ಪೊಟ್ಟಣ ಕೊಂಡಳು. ತಾಯಿಯವರ ಹಿಮ್ಮಡಿಗೆ ಮಾತ್ರ ಈಗ ವೈದ್ಯರು ಬರೆದುಕೊಟ್ಟ ಟ್ಯೂಬು. ಅದರ ಮೇಲೆ ತೆರೆದ ದಿನಾಂಕವನ್ನು ಪೆನ್ನಿನಿಂದ ಬರೆದಿಟ್ಟಿದ್ದಾಳೆ.